ಆಮೆಗೆ ಆಮಂತ್ರಣ ಹೋಗಿಲ್ಲ

ಡಿಸೆಂಬರ್ ಬಂತು. ಕರಾವಳಿಯಲ್ಲಿ ಸಮುದ್ರ ಸುಮ್ಮನಾಗಿದೆ, ಮೈಕ್ ಶುರುವಾಗಿದೆ. ಬೀಚ್ ಉತ್ಸವದ ಸುದ್ದಿ ನೀವೂ ಓದಿರುತ್ತೀರಿ. ಮರಳು ಶಿಲ್ಪ, ಗಾಳಿಪಟ, ಆಹಾರ ಮೇಳ, ಲೇಸರ್, ಜೊತೆಗೆ ಶ್ವಾನ ಪ್ರದರ್ಶನ. ಸಮುದ್ರಕ್ಕೂ ಶ್ವಾನಕ್ಕೂ ಏನು ಸಂಬಂಧ ಅಂತ ಕೇಳಬಾರದು. ಬೀದಿನಾಯಿಗಳು ವರ್ಷವಿಡೀ ಅದೇ ಮರಳಲ್ಲಿ ಪುಕ್ಕಟೆ ಪ್ರದರ್ಶನ ಕೊಡುತ್ತಿವೆ. ಅವಕ್ಕೆ ಒಂದು ಶಾಲು ಹೊದಿಸಿದವರಿಲ್ಲ.

ನನಗೆ ತುಂಬಾ ಹಿಡಿಸಿದ್ದು ಆಮಂತ್ರಣ ಪತ್ರಿಕೆ. ಉದ್ಘಾಟನೆ, ಅಧ್ಯಕ್ಷತೆ, ಘನ ಉಪಸ್ಥಿತಿ, ಗೌರವ ಉಪಸ್ಥಿತಿ. ಘನಕ್ಕೂ ಗೌರವಕ್ಕೂ ಏನು ವ್ಯತ್ಯಾಸ ಅಂತೀರಾ? ಘನ ಉಪಸ್ಥಿತಿಯವರು ಎರಡು ಗಂಟೆ ತಡವಾಗಿ ಬರುತ್ತಾರೆ. ಗೌರವ ಉಪಸ್ಥಿತಿಯವರು ಬರುವುದೇ ಇಲ್ಲ. ಯಾರದಾದರೂ ಹೆಸರು ಒಂದು ಸಾಲು ಕೆಳಗಿಳಿದರೆ ಶಿಷ್ಟಾಚಾರದ ಉಲ್ಲಂಘನೆ, ಪತ್ರಿಕೆ ಮತ್ತೆ ಅಚ್ಚಿಗೆ. ಮೀನುಗಾರರ ಹೆಸರು ಎಲ್ಲಿದೆ ಅಂತ ಹುಡುಕಿದೆ. ‘ಸರ್ವರಿಗೂ ಆದರದ ಸ್ವಾಗತ’ದಲ್ಲಿ ಅವರೂ ಬಂದರಂತೆ. ಅವರ ದೋಣಿ, ಬಲೆಗಳಿಗೆ ಮಾತ್ರ ಬೇರೆ ಸೂಚನೆ: ಪಾರ್ಕಿಂಗ್‌ಗೆ ಜಾಗ ಬೇಕು, ಎಳೆದು ಆಚೆ ಇಡಿ.

ಇದೇ ಚಳಿಗಾಲದಲ್ಲಿ ಇನ್ನೊಬ್ಬರೂ ದಡಕ್ಕೆ ಬರುತ್ತಾರೆ, ಆಲಿವ್ ರಿಡ್ಲೆ ಕಡಲಾಮೆ. ರಾತ್ರಿ ಬಂದು, ಮರಳಲ್ಲಿ ಹೊಂಡ ತೋಡಿ, ನೂರರ ಹತ್ತಿರ ಮೊಟ್ಟೆ ಇಟ್ಟು, ಎರಡು ಮಾತೂ ಆಡದೆ ವಾಪಸ್ ಹೋಗುತ್ತದೆ. ಒಂದೂವರೆ, ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ಬೆಳಕು ಕಂಡ ಕಡೆ ಸಮುದ್ರ ಅಂತ ಅವುಗಳ ಹುಟ್ಟುಬುದ್ಧಿ. ಪಾಪ, ಬೆಳಕು ಜಾಸ್ತಿ ಇರುವ ಕಡೆ ವೇದಿಕೆ ಇರುತ್ತದೆ ಅಂತ ಅವಕ್ಕೆ ಹೇಳುವವರು ಯಾರು? ಸೀದಾ ಅತ್ತ ಹೊರಡುತ್ತವೆ. ಹಾಗೆ ನೋಡಿದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯಲ್ಲಿ, ಹುಲಿಯ ಪಂಕ್ತಿಯಲ್ಲೇ ಕೂತ ಜೀವ ಅದು. ಶಿಷ್ಟಾಚಾರ ಪಾಲಿಸುವವರು ಮುಂದಿನ ಸಾಲಲ್ಲಿ ಒಂದು ಸೋಫಾ ಕೊಡಬೇಕಿತ್ತು, ಅಲ್ವಾ?

ಸ್ವಚ್ಛತೆಯನ್ನೂ ಮರೆತಿಲ್ಲ. 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ, ಸಿಕ್ಕಿತಲ್ಲ, ಅಂದಿನಿಂದ ಎಲ್ಲರಿಗೂ ಒಂದು ಬಾವುಟದ ಆಸೆ. ಅದಕ್ಕೆ 33 ಮಾನದಂಡ ಇವೆ. ನಮ್ಮಲ್ಲಿ ಒಂದೇ, ಫೋಟೋ. ಒಂದು ಬಾಟ್ಲಿ ಎತ್ತಲು ಆರು ಜನ, ಹನ್ನೆರಡು ಗ್ಲೌಸ್. ಬಾಟ್ಲಿ ಚೀಲಕ್ಕೆ ಹೋಗುತ್ತದೆ, ಗ್ಲೌಸ್ ಮರಳಲ್ಲೇ ಉಳಿಯುತ್ತವೆ.

ಇಷ್ಟು ಹೊತ್ತು ತಮಾಷೆ ಮಾಡಿದೆ. ನಿಜ ಹೇಳಬೇಕೆಂದರೆ ಸಾಕಾಗಿದೆ. ಜೂನ್ ಬಂದರೆ ಕಡಲ್ಕೊರೆತದ ಸುದ್ದಿಯಲ್ಲಿ ಉಳ್ಳಾಲ, ಮರವಂತೆ ಅಂತ ಅದೇ ಹೆಸರುಗಳು ಮತ್ತೆ ಪೇಪರಿನಲ್ಲಿ ಬರುತ್ತವೆ. ತೆಂಗಿನ ಮರ ಬುಡ ಸಮೇತ ಬೀಳುತ್ತದೆ, ರಸ್ತೆ ಅರ್ಧ ಹೋಗುತ್ತದೆ. ಆಮೇಲೆ ಲಾರಿಯಲ್ಲಿ ಕಲ್ಲು ಬರುತ್ತದೆ. ಗುಡ್ಡ ಒಡೆದು ತಂದದ್ದು. ಕಲ್ಲು ಹಾಕಿದ ಜಾಗ ಬಿಟ್ಟು ಅಲೆ ಪಕ್ಕದ ಮನೆಯ ಅಂಗಳ ಕೊರೆಯುತ್ತದೆ. ಅವರಿಗೂ ಕಲ್ಲು ಬೇಕು. ಹಾಕಿದ ಕಲ್ಲು ನಾಲ್ಕು ಮಳೆಗಾಲದಲ್ಲಿ ಜಾರಿ ಮರಳು ಸೇರುತ್ತದೆ, ಮತ್ತೆ ಲಾರಿ. ಕೂತು ಯೋಚನೆ ಮಾಡಿ ಸರಿಯಾಗಿ ಏನಾದರೂ ಕಟ್ಟಬೇಕಾದರೆ ಸಮುದ್ರ ಬಿಡುವು ಕೊಡುವುದು ಈ ತಿಂಗಳುಗಳಲ್ಲೇ. ಆ ಬಿಡುವಿನಲ್ಲಿ ನಾವು ಆಕಾಶಕ್ಕೆ ಲೇಸರ್ ಬಿಡುತ್ತಿದ್ದೇವೆ. ನಾಚಿಕೆಯೂ ಇಲ್ಲ.

ದಡದ ಪಕ್ಕದ ಮನೆಯ ಅಜ್ಜಿಯ ಎರಡು ತೆಂಗಿನ ಮರ ಹೋದ ಮಳೆಗಾಲದಲ್ಲಿ ಸಮುದ್ರ ಸೇರಿದವು. ಉತ್ಸವಕ್ಕೆ ಹೋಗಲಿಲ್ವಾ ಅಜ್ಜಿ ಅಂತ ಕೇಳಿದೆ. ಒಣಗಲು ಹಾಕಿದ ಮೀನನ್ನು ಮಗುಚುತ್ತಾ, ತಲೆಯನ್ನೂ ಎತ್ತದೆ ಹೇಳಿದರು:

“ಮಳೆಗಾಲದಲ್ಲಿ ಮಾಡ್ಲಿ ಮಾರಾಯ್ರೆ, ಬರ್ತೇನೆ. ಆಗ ಸ್ಟೇಜ್ ಎಲ್ಲಿ ಹಾಕ್ತಾರೆ ನೋಡುವಾ.”