ನೀರು ತುಂಬುವ ಮುಂಚೆ ಆಗಬೇಕಾದ ಲೆಕ್ಕ

ಕೆರೆಯ ಹೂಳೆತ್ತುವ ಕೆಲಸ ಉಳಿದ ಸರಕಾರಿ ಕಾಮಗಾರಿಗಳಂತಲ್ಲ. ರಸ್ತೆಗೆ ಡಾಂಬರು ಕಡಿಮೆ ಹಾಕಿದ್ದರೆ ಎರಡನೆಯ ಮಳೆಗಾಲಕ್ಕೆ ಕಿತ್ತು ಬಂದು ಅದೇ ಸಾಕ್ಷಿ ಹೇಳುತ್ತದೆ. ಶಾಲೆಯ ಕೋಣೆ ಸೋರಿದರೆ ಮಕ್ಕಳು ಮನೆಗೆ ಬಂದು ಹೇಳುತ್ತಾರೆ. ಕೆರೆಯಿಂದ ಎಷ್ಟು ಹೂಳು ಹೊರಗೆ ಹೋಯಿತು ಎಂಬುದಕ್ಕೆ ಮಾತ್ರ ಕೆರೆಯ ತಳವೊಂದೇ ಸಾಕ್ಷಿ, ಮತ್ತು ಆ ತಳ ಮೊದಲ ದೊಡ್ಡ ಮಳೆಗೆ ನೀರಿನಡಿ ಸೇರಿಬಿಡುತ್ತದೆ. ಆಮೇಲೆ ಇಷ್ಟು ತೆಗೆದೆವು ಎಂದು ಹೇಳುವವರ ಮಾತನ್ನು ಸುಳ್ಳು ಎನ್ನಲೂ ಆಗದು, ನಿಜ ಎನ್ನಲೂ ಆಗದು. ವಿಜಯಪುರ ಜಿಲ್ಲೆಯ ಡೋಣಿ ಹೊಳೆಯ ಸೀಮೆಯಲ್ಲಿ ಹುಟ್ಟಿ ಬೆಳೆದು, ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನೂ ಆಗಿದ್ದ ನನ್ನ ಮನಸ್ಸನ್ನು ಈ ವಿಷಯ ಬಹಳ ದಿನಗಳಿಂದ ಕೊರೆಯುತ್ತಿದೆ.

ನಾನು ಸದಸ್ಯನಾಗಿದ್ದಾಗ ನಮ್ಮೂರ ಕೆರೆಗೆ ಹೂಳೆತ್ತುವ ಕಾಮಗಾರಿ ಮಂಜೂರಾಯಿತು. ಮಂಜೂರಾದ ಸುದ್ದಿ ಮಾರ್ಚ್‌ನಲ್ಲೇ ಬಂದಿದ್ದರೂ ಜೆಸಿಬಿ ಕೆರೆಗೆ ಇಳಿದದ್ದು ಮೇ ಎರಡನೆಯ ವಾರದಲ್ಲಿ. ಸುಮಾರು ಇಪ್ಪತ್ತು ದಿನ ಕೆಲಸ ನಡೆಯಿತು. ಮಿರಗ, ಅಂದರೆ ಮೃಗಶಿರಾ ಮಳೆ, ಕೂಡುವ ಮುಂಚೆಯೇ ಒಂದು ರಾತ್ರಿ ಜೋರು ಮಳೆ ಸುರಿದು, ಅಗೆದ ತೆಗ್ಗುಗಳಲ್ಲಿ ಮೊಣಕಾಲುದ್ದ ರಾಡಿ ನೀರು ನಿಂತಿತು. ಅದಾದ ನಾಲ್ಕು ದಿನಕ್ಕೆ ಕಾಮಗಾರಿಯ ಹೆಸರು ಮತ್ತು ಅಂದಾಜು ಮೊತ್ತ ಬರೆದ ಫಲಕ ಒಡ್ಡಿನ ಮೇಲೆ ನಿಂತಿತು. ನಾನು ನೋಡಲು ಹೋದಾಗ ಅದರ ಬುಡದ ಸಿಮೆಂಟು ಇನ್ನೂ ಹಸಿಯಾಗಿತ್ತು, ಅದರ ಮೇಲೆ ಯಾವುದೋ ಆಡಿನ ಗೊರಸಿನ ಗುರುತು ಮೂಡಿತ್ತು. ಮರುದಿನ ಬೆಳಿಗ್ಗೆ ಒಬ್ಬರು ಮನೆಗೆ ಬಂದು, ಕೆಲಸ ತೃಪ್ತಿಕರವಾಗಿ ಮುಗಿದಿದೆ ಎಂಬ ಹಾಳೆಗೆ ವಾರ್ಡಿನ ಸದಸ್ಯರ ಸಹಿ ಬೇಕೆಂದರು. ಕೆಲಸ ಶುರುವಾಗುವ ಮುಂಚಿನ ಅಳತೆ ಎಲ್ಲಿದೆ ಎಂದು ಕೇಳಿದೆ. "ಅದೆಲ್ಲಾ ಆಫೀಸಿನ್ಯಾಗ ಅದರೀ ಸರ, ನೀವು ಬರೇ ಸಹಿ ಮಾಡ್ರಿ" ಎಂದರು. ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ನಮ್ಮ ಕಾಕಾ, ಬಂದವರು ಹೋಗುವ ತನಕ ಕಾಯದೆ, "ತಮ್ಮಾ, ನೀ ಸಹಿ ಮಾಡೂದು ತೆಗ್ಗು ನೋಡಿಯೋ, ಹಾಳಿ ನೋಡಿಯೋ?" ಎಂದು ಕೇಳಿಬಿಟ್ಟರು.

ನಾನು ಸಹಿ ಮಾಡಿದೆ. ಊರಿಗೆ ಬಂದ ಕೆಲಸಕ್ಕೆ ಅಡ್ಡಗಾಲು ಹಾಕಿದವನು ಎಂಬ ಮಾತು ಬರಬಾರದು ಎನ್ನುವುದಷ್ಟೇ ಆಗ ತಲೆಯಲ್ಲಿತ್ತು. ಗುತ್ತಿಗೆದಾರರು ಮೋಸ ಮಾಡಿದರು ಎಂದು ನಾನು ಇವತ್ತಿಗೂ ಹೇಳಲಾರೆ, ಏಕೆಂದರೆ ಹಾಗೆ ಹೇಳಲು ಬೇಕಾದ ಅಳತೆಯನ್ನು ಪಂಚಾಯಿತಿಯಾಗಲಿ ಊರಾಗಲಿ ಇಟ್ಟುಕೊಂಡಿರಲೇ ಇಲ್ಲ.

ಹೂಳಿನ ಅಳತೆಯಲ್ಲಿ ಗುಟ್ಟೇನೂ ಇಲ್ಲ. ಯಂತ್ರ ಇಳಿಯುವ ಮುಂಚೆ ಕೆರೆಯ ತಳವನ್ನು ಚೌಕ ಚೌಕವಾಗಿ ಗುರುತಿಸಿ, ಪ್ರತಿ ಮೂಲೆಯ ಮಟ್ಟವನ್ನು ಲೆವೆಲ್ ಯಂತ್ರದಿಂದ ನೋಡಿ ಬರೆದುಕೊಳ್ಳುತ್ತಾರೆ. ಎಂಜಿನಿಯರುಗಳು ಇದಕ್ಕೆ ಬ್ಲಾಕ್ ಲೆವೆಲ್ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಅದೇ ಜಾಗಗಳಲ್ಲಿ ಮತ್ತೊಮ್ಮೆ ನೋಡುತ್ತಾರೆ, ಎರಡರ ನಡುವಿನ ವ್ಯತ್ಯಾಸವೇ ತೆಗೆದ ಹೂಳು. ಜೂನಿಯರ್ ಎಂಜಿನಿಯರ್ ಅದನ್ನು ಅಳತೆ ಪುಸ್ತಕದಲ್ಲಿ, ಎಲ್ಲರೂ ಎಂ.ಬಿ. ಎಂದು ಕರೆಯುವ ಪುಸ್ತಕದಲ್ಲಿ, ಬರೆಯುತ್ತಾರೆ. ಮೇಲಿನ ಅಧಿಕಾರಿ ತಪಾಸಣೆ ಮಾಡಿದ ಮೇಲೆ ಬಿಲ್ ಆಗುತ್ತದೆ. ಇಷ್ಟರಲ್ಲಿ ಮೊದಲ ಅಳತೆಯೊಂದು ತಪ್ಪಾಗಿದ್ದರೆ ಮುಂದಿನದ್ದೆಲ್ಲ ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತದೆ. ತಳದ ಮಟ್ಟವನ್ನು ಇರುವುದಕ್ಕಿಂತ ಅರ್ಧ ಅಡಿ ಎತ್ತರಕ್ಕೆ ಬರೆದುಕೊಂಡರೆ ಸಾಕು, ಒಂದು ಬುಟ್ಟಿ ಮಣ್ಣೂ ಹೊರದೆ ಎಕರೆಗೆ 21,780 ಘನ ಅಡಿ ಹೂಳು ಲೆಕ್ಕಕ್ಕೆ ಸೇರುತ್ತದೆ.

ನಮ್ಮ ಕಡೆ ಮರಳು, ಮಣ್ಣು, ಗರಸು ಎಲ್ಲವೂ ಬ್ರಾಸ್ ಲೆಕ್ಕದಲ್ಲೇ ನಡೆಯುತ್ತವೆ. ಒಂದು ಬ್ರಾಸ್ ಎಂದರೆ 100 ಘನ ಅಡಿ, ಹೆಚ್ಚು ಕಡಿಮೆ ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬುವಷ್ಟು. ಹತ್ತು ಎಕರೆ ತಳದಲ್ಲಿ ಮೂರು ಅಡಿ ಹೂಳು ತೆಗೆದೆವು ಎಂದರೆ 13,068 ಬ್ರಾಸ್ ಆಯಿತು. ನೆಲದಲ್ಲಿ ಒತ್ತಿಕೊಂಡು ಕುಳಿತ ಎರೆಮಣ್ಣು ಅಗೆದ ಮೇಲೆ ಕಾಲುಭಾಗದಷ್ಟಾದರೂ ಉಬ್ಬುವುದರಿಂದ ಅದನ್ನು ಸಾಗಿಸಲು 16,000ಕ್ಕೂ ಹೆಚ್ಚು ಟ್ರೇಲರ್ ಬೇಕು. ಇಪ್ಪತ್ತು ಟ್ರ್ಯಾಕ್ಟರುಗಳು ದಿನಕ್ಕೆ ಹದಿನೈದು ಟ್ರಿಪ್ ಹೊಡೆದರೂ ಐವತ್ತನಾಲ್ಕು ದಿನದ ಕೆಲಸ. ಎಂಟು ಟ್ರ್ಯಾಕ್ಟರು ಇಪ್ಪತ್ತು ದಿನ ಓಡಾಡಿ ಅಷ್ಟು ಹೂಳು ಹೋಯಿತು ಎಂದು ಯಾರಾದರೂ ಹೇಳಿದರೆ, ಒಡ್ಡಿನ ಮೇಲೆ ಕುರಿ ಬಿಟ್ಟುಕೊಂಡು ಕೂತ ಹುಡುಗನೂ ಅದನ್ನು ಒಪ್ಪುವುದಿಲ್ಲ. ಇದೇ ಉಬ್ಬು ಇನ್ನೊಂದು ಬಗೆಯಲ್ಲೂ ದಾರಿ ತಪ್ಪಿಸುತ್ತದೆ. ಟ್ರಿಪ್ ಎಣಿಸಿ ಹಣ ಕೊಡುವುದಾದರೆ, ಕೆರೆಯಲ್ಲಿ ನಾಲ್ಕು ಬ್ರಾಸ್ ಜಾಗ ಮಾಡಿ ಐದು ಬ್ರಾಸಿನ ಹಣ ಪಡೆಯಬಹುದು. ಆದ್ದರಿಂದ ಟ್ರಿಪ್ಪಿನ ಲೆಕ್ಕ ತಾಳೆ ನೋಡಲು ಬೇಕು, ಬಿಲ್ಲಿಗೆ ತಳದ ಅಳತೆಯೇ ಬೇಕು.

ಎಷ್ಟು ತೆಗೆದರು ಎಂದು ಕೇಳುವವರಾದರೂ ಸಿಗುತ್ತಾರೆ, ಎಲ್ಲಿ ತೆಗೆದರು ಎಂದು ಕೇಳುವವರು ಬಹಳ ಕಡಿಮೆ. ಹಳ್ಳ ಬಂದು ಕೆರೆಗೆ ಸೇರುವ ಕಡೆ ದಪ್ಪ ಮಣ್ಣು ಕೂರುತ್ತದೆ, ನುಣ್ಣನೆಯ ಹೂಳು ತೂಬಿನ ಹತ್ತಿರದ ಆಳಕ್ಕೆ ಬಂದು ಕೂರುತ್ತದೆ. ವಾಹನ ಸುಲಭವಾಗಿ ಇಳಿಯುವ ಅಂಚಿನಲ್ಲಿಯೇ ನಾಲ್ಕು ತೆಗ್ಗು ತೋಡಿ ಬಿಟ್ಟರೆ ಅಳತೆಯೇನೋ ಕೂಡುತ್ತದೆ, ತೂಬಿನ ಬಾಯಿ ಮಾತ್ರ ಕಟ್ಟಿಕೊಂಡೇ ಇರುತ್ತದೆ. ತೂಬಿನ ಬಾಯಿಗಿಂತ ಕೆಳಗೆ ಅಗೆದ ಆಳದಲ್ಲಿ ನಿಂತ ನೀರು ಕಾಲುವೆಗೆ ಹರಿಯುವುದಿಲ್ಲ. ದನಕರುಗಳಿಗೆ, ಸುತ್ತಲಿನ ಬಾವಿ ಬೋರುಗಳಿಗೆ ಅದರ ಉಪಯೋಗವಿದೆ ಎಂಬುದು ನಿಜ, ಆದರೆ ಅಚ್ಚುಕಟ್ಟಿನ ರೈತನಿಗೆ ಹೆಸರು ಹೇಳಿ ಮಾಡಿದ ಕೆಲಸ ಅವನಿಗೆ ಮುಟ್ಟಲಿಲ್ಲ. ನೀರು ಇಂಗಿಸಲೆಂದೇ ಕಟ್ಟಿದ ಜಿನುಗು ಕೆರೆಯ ಮಾತು ಬೇರೆ, ಅಲ್ಲಿ ನುಣ್ಣನೆಯ ಹೂಳಿನ ಪದರವೇ ನೀರು ಇಂಗದಂತೆ ತಡೆಯುವುದರಿಂದ ತಳವಿಡೀ ಅದನ್ನು ಕೆರೆದು ತೆಗೆಯುವುದೇ ಮುಖ್ಯ. ಇನ್ನು ಹೂಳಿನ ಹೆಸರಿನಲ್ಲಿ ಅದರ ಕೆಳಗಿನ ಗರಸನ್ನು ಎತ್ತಿ ಮಾರುವುದು, ಒಡ್ಡಿನ ಬುಡಕ್ಕೆ ಜೆಸಿಬಿಯ ಬಕೆಟ್ ಹಾಕುವುದು ಕೂಡ ಉಂಟು. ಒಡ್ಡಿನ ಬುಡ ಸಡಿಲಾದರೆ ಹೂಳು ತುಂಬಿದ ಕೆರೆಗಿಂತ ದೊಡ್ಡ ಆಪತ್ತು ತಲೆಯ ಮೇಲೆ ಬಂದಂತೆ.

ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಯಾರು? ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಒಪ್ಪಿಸಬಹುದಾದ 29 ವಿಷಯಗಳಲ್ಲಿ ಮೂರನೆಯದೇ ಸಣ್ಣ ನೀರಾವರಿ, ನೀರಿನ ನಿರ್ವಹಣೆ ಮತ್ತು ಜಲಾನಯನ ಅಭಿವೃದ್ಧಿ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಕೈಯಲ್ಲಿವೆ, ಅದಕ್ಕಿಂತ ಮೇಲೆ 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಯವು. ದೊಡ್ಡ ಕೆರೆಯ ಬಗ್ಗೆ ಗ್ರಾಮ ಪಂಚಾಯಿತಿ ಬಾಯಿ ತೆರೆದರೆ "ಇದು ನಿಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆರೆಯ ಒಡೆತನ ಇಲಾಖೆಗೆ ಇರಲಿ, ಅದರ ದಂಡೆಯಲ್ಲಿ ಬದುಕುವವರಿಗೆ ಕಣ್ಣಿಡುವ ಹಕ್ಕು ಇಲ್ಲ ಎಂದು ಯಾವ ಕಾನೂನೂ ಹೇಳಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಕಾಗದಗಳನ್ನು ಮಾತ್ರವಲ್ಲ, ನಡೆಯುತ್ತಿರುವ ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕನ್ನು ಪ್ರತಿ ನಾಗರಿಕನಿಗೂ ಕೊಟ್ಟಿದೆ. ಆದರೆ ಅರ್ಜಿಗೆ ಉತ್ತರ ಕೊಡಲು ಮೂವತ್ತು ದಿನಗಳ ಅವಕಾಶವಿದೆ, ಮೇ ಎರಡನೆಯ ವಾರ ಶುರುವಾದ ಕೆಲಸಕ್ಕೆ ಮೂವತ್ತು ದಿನ ಕಾದರೆ ಮಿರಗದ ಮಳೆಯೇ ಬಂದಿರುತ್ತದೆ.

ಪಂಚಾಯಿತಿಯ ಲೆಕ್ಕ ಪತ್ರ ಮತ್ತು ಕಾಮಗಾರಿಗಳನ್ನು ಊರವರ ಎದುರಿಗೆ ತಪಾಸಣೆ ಮಾಡುವ ಜಮಾಬಂದಿ ಎಂಬ ಒಳ್ಳೆಯ ಪದ್ಧತಿ ನಮ್ಮಲ್ಲಿದೆ. ಅದು ನಡೆಯುವುದು ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಅಂದರೆ ನಮ್ಮ ಜಿಲ್ಲೆಯಲ್ಲಿ ಮಳೆ ಹಿಡಿಯುವ ಹೊತ್ತಿಗೆ. ರಸ್ತೆ, ಗಟಾರ, ಅಂಗನವಾಡಿ ಕಟ್ಟಡಗಳಿಗೆ ಅದು ಸರಿಯಾದ ಕಾಲವೇ. ಹೂಳೆತ್ತಿದ ಕೆರೆಯ ದಂಡೆಯಲ್ಲಿ ಮಾತ್ರ ಜಮಾಬಂದಿಗೆ ಬಂದ ಅಧಿಕಾರಿಗಳು ನೀರು ನೋಡಿ, ಕೆರೆ ತುಂಬಿದೆ ಎಂದು ಸಂತೋಷಪಟ್ಟು ಹೋಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಲ್ಲಿ ನೋಡಲು ಬೇರೇನೂ ಉಳಿದಿರುವುದಿಲ್ಲ. ಇದರ ಜೊತೆಗೆ ಜಿಲ್ಲಾ ಮತ್ತು ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಸಭೆಯಲ್ಲಿ ಎದ್ದು ನಿಂತು ನಮ್ಮ ಕ್ಷೇತ್ರದ ಕೆರೆಯ ಎಂ.ಬಿ. ತೋರಿಸಿ ಎಂದು ಕೇಳಬೇಕಾದ ಕುರ್ಚಿಗಳು ಖಾಲಿ ಬಿದ್ದಾಗ, ಕಾಮಗಾರಿ ಮಾಡಿಸುವವರು ಮತ್ತು ತಪಾಸಣೆ ಮಾಡುವವರು ಇಬ್ಬರೂ ಅಧಿಕಾರಿಗಳೇ ಆದರು.

ಡೋಣಿಯ ಹೂಳು ಇನ್ನೂ ದೊಡ್ಡ ಕಥೆ. ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಹುಟ್ಟಿ ನಮ್ಮ ಎರೆ ಹೊಲಗಳ ನಡುವೆ ಹಾದು ಕೃಷ್ಣೆಗೆ ಸೇರುವ ಈ ಹೊಳೆಯ ಪಾತ್ರದಲ್ಲಿ ಕಪ್ಪು ಮಣ್ಣು ತುಂಬಿಕೊಂಡು, ಸಾಧಾರಣ ಮಳೆಗೂ ನೀರು ಹೊಲಕ್ಕೆ ನುಗ್ಗುತ್ತದೆ, ತಾಳಿಕೋಟೆಯ ಹತ್ತಿರದ ಕೆಳಸೇತುವೆ ಮುಳುಗುತ್ತದೆ. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂದು ಹಿರಿಯರು ಹೇಳುತ್ತಿದ್ದ ಸೀಮೆಯಿದು. ಹೂಳೆತ್ತಬೇಕೆಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು, ನಾನೂ ಅದರ ಪರವಾಗಿಯೇ ಇದ್ದೇನೆ. ಆದರೆ ನದಿಯ ಉದ್ದಕ್ಕೂ ಇರುವ ಪ್ರತಿ ಪಂಚಾಯಿತಿಯ ಕೈಗೆ ತನ್ನ ಸೀಮೆಯ ಪಾತ್ರದ ಮೊದಲಿನ ಅಳತೆಯ ಪ್ರತಿ ಸಿಗದೆ ಅಂಥ ಕೆಲಸ ಶುರುವಾದರೆ, ಒಂದು ಕೆರೆಯಲ್ಲಿ ಆದದ್ದು ಇಡೀ ಹೊಳೆಯಲ್ಲಿ ಆಗುತ್ತದೆ.

ನಮ್ಮ ಕಡೆಯಿಂದ ಉಡುಪಿ, ಮಂಗಳೂರಿಗೆ ದುಡಿಯಲು ಹೋಗುವವರು ಬಹಳ. ಅವರಲ್ಲೊಬ್ಬರ ಸಂಗಡ ನಾನು ಗಂಗೊಳ್ಳಿಯ ಅಳಿವೆಯನ್ನು ನೋಡಿ ಬಂದೆ. ನದಿ ತಂದ ಮರಳು ಮತ್ತು ಅಲೆಗಳು ದಂಡೆಯುದ್ದಕ್ಕೂ ಎಳೆದು ತಂದ ಮರಳು ಸೇರಿ ಅಳಿವೆಯ ಬಾಯಲ್ಲಿ ದಿಬ್ಬ ಕಟ್ಟುತ್ತದೆ, ದೋಣಿಗಳಿಗೆ ದಾರಿ ಕಿರಿದಾಗುತ್ತದೆ. ಡ್ರೆಜಿಂಗ್ ಮಾಡಿ ತೆಗೆದರೂ ಮುಂದಿನ ಮಳೆಗಾಲ ಮತ್ತೆ ಮರಳು ತಂದು ತುಂಬುತ್ತದೆ. ಅಲ್ಲಿ ನೆಲ ಎಂದೂ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ದೋಣಿಯಿಂದ ಶಬ್ದದ ಅಲೆ ಬಿಟ್ಟು ಆಳ ಅಳೆಯುವ ಯಂತ್ರವಿಲ್ಲದೆ ಮೊದಲಿನ ಅಳತೆಯೂ ಇಲ್ಲ, ಕೊನೆಯ ಅಳತೆಯೂ ಇಲ್ಲ. ಮೀನುಗಾರರಿಗೆ ಉಳಿದಿರುವ ಒಂದೇ ತಪಾಸಣೆ ತಮ್ಮ ದೋಣಿಯ ಅಡಿ ನೆಲಕ್ಕೆ ತಾಗಿತೋ ಇಲ್ಲವೋ ಎಂಬುದು. ನಮಗೆ ಹಾಗಲ್ಲ. ಬೇಸಿಗೆಯ ಎರಡು ತಿಂಗಳು ಕೆರೆಯ ತಳ ಬಿರುಕು ಬಿಟ್ಟು ಬಯಲಾಗಿರುತ್ತದೆ, ನಡೆದು ಹೋಗಿ ಕೈಯಿಂದ ಮುಟ್ಟಬಹುದು. ಅಷ್ಟು ಸುಲಭವಾದದ್ದನ್ನೂ ನಾವು ಮಾಡುತ್ತಿಲ್ಲ ಎಂಬುದು ನನಗೆ ಅಲ್ಲಿ ನಿಂತಾಗ ಬಹಳ ನೋವು ತಂದಿತು.

ಆ ಎರಡು ತಿಂಗಳೂ ಈಗ ಕೈ ಜಾರುತ್ತಿವೆ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದು ನಮ್ಮ ಪಾಲಿನ ದೊಡ್ಡ ಭಾಗ್ಯ. ಹೀಗೆ ತುಂಬುವ ಕೆರೆಗಳಲ್ಲಿ ಮೇ ತಿಂಗಳಲ್ಲೂ ನೀರು ನಿಲ್ಲಬಹುದು, ತಳ ಕಾಣುವ ದಿನಗಳು ಕಡಿಮೆಯಾಗಬಹುದು. ವಿದ್ಯುತ್ ಖರ್ಚು ಮಾಡಿ ಮೇಲೆತ್ತಿದ ನೀರು ಹೂಳಿನ ಮೇಲೆ ಹರಡಿ ಕೋಡಿ ಹರಿದು ಹೋದರೆ ಆ ನಷ್ಟ ಮಳೆ ನೀರಿನದಕ್ಕಿಂತ ಹೆಚ್ಚಿನದು. ಆದ್ದರಿಂದ ಇಂಥ ಕೆರೆಗಳಿಗೆ ನೀರು ಬಿಡುವ ಮುಂಚೆಯೇ ಒಮ್ಮೆ ಅಳತೆ ಮಾಡಿ, ಅದರ ಪ್ರತಿಯನ್ನು ಪಂಚಾಯಿತಿಯಲ್ಲಿ ಇಡಲೇಬೇಕು.

ನಾನು ಕೇಳುವುದು ಹೊಸ ಕಾನೂನನ್ನಲ್ಲ. ಜೆಸಿಬಿ ಇಳಿಯುವ ಮುಂಚೆ ಬ್ಲಾಕ್ ಲೆವೆಲ್‌ನ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಬಂದು ವಾರ್ಡ್ ಸಭೆಯಲ್ಲಿ ಓದಬೇಕು, ಫಲಕ ಮೊದಲ ದಿನವೇ ನಿಲ್ಲಬೇಕು, ಕೊನೆಯ ಅಳತೆ ಮಳೆಗಿಂತ ಮುಂಚೆ ಊರವರ ಎದುರಿಗೆ ಆಗಬೇಕು, ಹೂಳೆತ್ತುವ ಕೆಲಸದ ಮಟ್ಟಿಗೆ ಜಮಾಬಂದಿಯನ್ನು ಮೇ ತಿಂಗಳಲ್ಲೇ ಮುಗಿಸಬೇಕು. ಮಳೆ ಬಂದು ಅಳತೆ ತಪ್ಪಿದರೆ ಮುಂದಿನ ಬೇಸಿಗೆಯವರೆಗೆ ಬಿಲ್ ನಿಲ್ಲಲಿ. ಹೀಗೆ ನಿಲ್ಲುವ ಭಯವಿದ್ದರೆ ಮಾರ್ಚ್‌ನಲ್ಲಿ ಮಂಜೂರಾದ ಕೆಲಸ ಮೇ ತಿಂಗಳವರೆಗೆ ಮಲಗುವುದಿಲ್ಲ.

ಅವಧಿ ಮುಗಿದ ಮೇಲೆ, ನಮ್ಮೂರಿನದೇ ಜಿನುಗು ಕೆರೆಗೆ ಮತ್ತೊಂದು ಹೂಳೆತ್ತುವ ಕೆಲಸ ಬಂದಾಗ ನಾವು ಕಾಯಲಿಲ್ಲ. ನಮ್ಮ ಹತ್ತಿರ ಲೆವೆಲ್ ಯಂತ್ರವಿರಲಿಲ್ಲ. ಊರಿನ ಗೌಂಡಿಯೊಬ್ಬರು ಮನೆ ಕಟ್ಟುವಾಗ ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ತಂದರು. ಕೋಡಿಯ ಕಲ್ಲಿನ ತಲೆಯನ್ನೇ ಮೂಲ ಮಟ್ಟವೆಂದು ಹಿಡಿದು, ಅಲ್ಲಿಂದ ಗಳದಿಂದ ಗಳಕ್ಕೆ ಮಟ್ಟ ದಾಟಿಸುತ್ತ, ಎರಡು ಸಂಜೆ ದುಡಿದು ತಳದ ಇಪ್ಪತ್ತೇಳು ಜಾಗಗಳ ಆಳವನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದೆವು. ಪೈಪಿನೊಳಗೆ ಗಾಳಿಯ ಗುಳ್ಳೆ ಸೇರಿ ಎರಡು ಬಾರಿ ಮೊದಲಿನಿಂದ ಶುರು ಮಾಡಬೇಕಾಯಿತು. ಎಂಜಿನಿಯರ್ ಬಂದಾಗ ನೋಟ್‌ಬುಕ್ ಅವರ ಕೈಗೆ ಕೊಟ್ಟೆವು. ಮೊದಲು ಅವರಿಗೆ ಅದು ಹಿಡಿಸಲಿಲ್ಲ, ಆದರೂ ಕೂತು ತಮ್ಮ ಲೆಕ್ಕದೊಡನೆ ತಾಳೆ ನೋಡಿದರು. ಮೂರು ಕಡೆ ಗೇಣಿಗಿಂತ ಹೆಚ್ಚಿನ ವ್ಯತ್ಯಾಸ ಬಂತು. ಆ ಮೂರೂ ಕಡೆ ನಮ್ಮ ಎದುರಿಗೇ ಮತ್ತೆ ಲೆವೆಲ್ ಇಟ್ಟು ನೋಡಿದರು. ಎರಡು ಕಡೆ ನಮ್ಮದು ಸರಿಯಿತ್ತು, ಒಂದು ಕಡೆ ಅವರದು. ಬಿಲ್ ಆದದ್ದು ತಿದ್ದಿದ ಅಳತೆಯ ಮೇಲೆ. ಆ ನೋಟ್‌ಬುಕ್ ಈಗ ಪಂಚಾಯಿತಿಯ ಗ್ರಂಥಾಲಯದ ಕಪಾಟಿನಲ್ಲಿದೆ. ಕೊನೆಯ ಪುಟದಲ್ಲಿ ಆ ದಿನ ಕೆರೆಗೆ ಇಳಿದಿದ್ದ ಹತ್ತು ಜನರ ಸಹಿಗಳಿವೆ, ಅವುಗಳ ಕೆಳಗೆ ನಮ್ಮ ಕಾಕಾ ಅವರ ಹೆಬ್ಬೆಟ್ಟು ಇದೆ.