ಎಣ್ಣೆ ಹೊತ್ತಿಕೊಂಡಾಗ ಕ್ಯಾಶ್ ಕೌಂಟರ್ ಕಡೆ ನೋಡ್ಬೇಡಿ

ಹೋಟೆಲ್ ಕಿಚನ್‌ನಲ್ಲಿ ಬೆಂಕಿ ಹಿಡಿದ್ರೆ ಮೊದಲು ಗ್ಯಾಸ್ ಬಂದ್ ಮಾಡ್ಬೇಕು ಅಂತ ಎಲ್ಲರಿಗೂ ಗೊತ್ತುಂಟು ಮಾರಾಯ್ರೆ, ಆದ್ರೂ ಮಾಡುದಿಲ್ಲ. ಯಾಕೆ ಅಂದ್ರೆ ಭಾನುವಾರ ಬೆಳಿಗ್ಗೆ ಮಧೂರು ದೇವಸ್ಥಾನಕ್ಕೆ ಹೋಗಿ ಬಂದವರು, ಮದುವೆ ಬಸ್ಸಿನವರು ಎಲ್ಲ ಒಟ್ಟಿಗೆ ನುಗ್ಗಿದಾಗ ಮೈನ್ ವಾಲ್ವ್ ತಿರುಗಿಸಿದ್ರೆ ದೋಸೆ ಕಾವಲಿಯೂ ಆರ್ತದೆ, ಚಾದ ಒಲೆಯೂ ಆರ್ತದೆ, ಸಪ್ಲೈಯರ್ ಬೊಬ್ಬೆ ಹಾಕ್ತಾನೆ, ಕ್ಯಾಶಲ್ಲಿ ಕೂತ ಧಣಿ ಒಳಗೆ ಬಂದು ಕಣ್ಣು ಕೆಂಪು ಮಾಡ್ತಾರೆ. ನಾನು ಕಾಸರಗೋಡು, ಉಪ್ಪಳ ಕಡೆ ಹೋಟೆಲ್‌ಗಳಲ್ಲಿ ತುಂಬ ವರ್ಷ ಅಡಿಗೆಗೆ ನಿಂತವ. ನಾನು ಹೇಳುದು ಇಷ್ಟೇ, ಒಲೆ ಮುಂದೆ ಇರುವವ ಯಾರನ್ನೂ ಕೇಳದೆ ಗ್ಯಾಸ್ ಬಂದ್ ಮಾಡುವ ಹಾಗಿರ್ಬೇಕು.

ಗೋಳಿಬಜೆ ಬಿಡುವಾಗ ಎಣ್ಣೆ 180 ಡಿಗ್ರಿ ಆಸುಪಾಸು ಇರ್ತದೆ. ಅದು ತನ್ನಷ್ಟಕ್ಕೆ ಹೊತ್ತಿಕೊಳ್ಳುದು 350 ದಾಟಿದ ಮೇಲೆ, ಮಧ್ಯದಲ್ಲಿ ಚೆನ್ನಾಗಿ ಹೊಗೆ ಬಿಟ್ಟು ಹೇಳಿಯೇ ಹೊತ್ತುದು. ಕಾಸಿದ್ದನ್ನೇ ಕಾಸಿದ ಹಳೆ ಎಣ್ಣೆ ಆದ್ರೆ ಇನ್ನೂ ಬೇಗ. ಒಂದು ಕಡೆ ಕಣ್ಣೆದುರೇ ಆದದ್ದು, ಬಾಣಲೆಯಲ್ಲಿ ಉರಿ ಎದ್ದ ಕೂಡ್ಲೆ ಅಸ್ಸಾಮಿನ ಹುಡುಗ ಪಾಪ ಜಗ್ಗಲ್ಲಿ ನೀರು ಎತ್ತಿ ಆಗಿತ್ತು, ಹಿರಿ ಭಟ್ರು ಅವನ ಕೈಗೆ ಒಂದು ಪೆಟ್ಟು ಕೊಟ್ಟು, ಗ್ಯಾಸ್ ತಿರುಗಿಸಿ, ಇಡ್ಲಿ ಪಾತ್ರೆಯ ದೊಡ್ಡ ಮುಚ್ಚಳವನ್ನು ಗುರಾಣಿ ಹಾಗೆ ಎದುರಿಗೆ ಹಿಡಿದು ತನ್ನ ಬದಿಯಿಂದ ಆಚೆಗೆ ಜಾರಿಸಿ ಮುಚ್ಚಿದ್ರು. ಆಮೇಲೆ ಅರ್ಧ ಗಂಟೆ ಯಾರಿಗೂ ತೆಗೀಲಿಕ್ಕೆ ಬಿಡ್ಲಿಲ್ಲ, ಬಿಸಿ ಎಣ್ಣೆಗೆ ಗಾಳಿ ಸಿಕ್ಕಿದ್ರೆ ಪುನಃ ಹೊತ್ತುತ್ತದೆ. ನೀರು ಹಾಕಿದ್ರೆ ಎಂತ ಆಗ್ತಿತ್ತು? ನೀರು ಎಣ್ಣೆಯಡಿಗೆ ಇಳಿದು ಹಬೆ ಆಗ್ತದೆ, ಒಂದು ಲೀಟರ್ ನೀರಿಗೆ ಸುಮಾರು 1700 ಲೀಟರ್ ಹಬೆ, ಅದು ಉರಿಯುವ ಎಣ್ಣೆಯನ್ನು ಮಾಡಿನವರೆಗೆ ಹಾರಿಸ್ತದೆ. ನೀರು ಸುರಿಯುವ ಒದ್ದೆ ಗೋಣಿಯೂ ಅಷ್ಟೇ. ಅದು ಸಿಲಿಂಡರ್ ಬಾಯಿಯ ಬೆಂಕಿಗೆ ಸರಿ, ಎಣ್ಣೆಗೆ ಅಲ್ಲ.

ಲೈಸನ್ಸಿಗೆ ಅಂತ ತಂದು ಅಕ್ಕಿ ಗೋಣಿ ಹಿಂದೆ ನೇತು ಹಾಕಿದ ಬೆಂಕಿ ನಂದಿಸುವ ಕೆಂಪು ಡಬ್ಬ ಉಂಟಲ್ಲ, ಅದು ಹೆಚ್ಚಾಗಿ ಎಬಿಸಿ ಪೌಡರ್, ಅಂದ್ರೆ ಕಟ್ಟಿಗೆ, ಪೆಟ್ರೋಲ್, ಗ್ಯಾಸಿನ ಬೆಂಕಿಗೆ ಇರುವ ಒಣ ಪುಡಿ. ಉರಿ ಒಮ್ಮೆ ಅಡಗ್ತದೆ, ಎಣ್ಣೆ ತಣಿಯುದಿಲ್ಲ. ಎಣ್ಣೆಗೆ ಬೇಕಾದ್ದು ಎಫ್ ಕ್ಲಾಸ್, ಅಂದ್ರೆ ಅಡಿಗೆ ಎಣ್ಣೆ ಬೆಂಕಿಗೆ ಅಂತ ಬರೆದ ವೆಟ್ ಕೆಮಿಕಲ್ ಡಬ್ಬ, ಅದರೊಳಗೆ ಇರುದು ದ್ರವ, ಅದು ಎಣ್ಣೆಗೆ ಬಿದ್ದು ಮೇಲೆ ಸೋಪಿನ ಪದರ ಕಟ್ತದೆ, ಹೌದು ನಿಜವಾದ ಸೋಪೇ.

ಇನ್ನು ಆ 19 ಕಿಲೋ ಸಿಲಿಂಡರ್‌ಗಳು. ಎಷ್ಟೋ ಕಡೆ ಒಲೆ ಪಕ್ಕದಲ್ಲೇ ಸಾಲಾಗಿ ಇಟ್ಟಿರ್ತಾರೆ, ಬೆಂಕಿ ದಾಟಿ ಹೋಗಿ ವಾಲ್ವ್ ಮುಟ್ಟುದು ಯಾರು? ಸಿಲಿಂಡರೂ ವಾಲ್ವೂ ಹೊರಗೆ ಇರ್ಬೇಕು. ಉರಿ ಇಲ್ಲದೆ ಬರೀ ವಾಸನೆ ಬಂದ್ರೆ ಲೈಟ್ ಬೇಡ, ಎಕ್ಸಾಸ್ಟ್ ಸ್ವಿಚ್ಚೂ ಬೇಡ, ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿರ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು ಹೊತ್ತಲಿಕ್ಕೆ. ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ, ಬೆಂಕಿ ಆದ್ರೆ 101.

ಗೋಡೆಗೆ ಮಲಯಾಳದ ಒಂದು ಚಾರ್ಟ್ ಅಂಟಿಸಿದ್ರೆ ಧಣಿಗಳ ಕೆಲಸ ಮುಗೀತು. ಒಳಗೆ ಇರುದು ತುಳು ಮಾತಾಡುವವ ಒಬ್ಬ, ಕನ್ನಡದವ ಒಬ್ಬ, ಉಳಿದವರು ಬಂಗಾಳ ಅಸ್ಸಾಂ. ಪಾತ್ರೆ ತೊಳೆಯುವವನನ್ನೂ ಕರ್ಕೊಂಡು ಹೋಗಿ ವಾಲ್ವ್ ತಿರುಗಿಸಿ ತೋರಿಸಿ.

ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚುವ ಚಾಳಿ ಬಿಡಿ, 20 ನಿಮಿಷ ನಳ್ಳಿ ನೀರಡಿ ಹಿಡೀರಿ. ದೊಡ್ಡ ಸುಟ್ಟಗಾಯ ಆದ್ರೆ ನಮಗೆ ಮಂಗಳೂರಿನ ಆಸ್ಪತ್ರೆಯೇ ಗತಿ, 2020ರಲ್ಲಿ ಕೊರೊನಾ ಹೊತ್ತಿಗೆ ಕೇರಳ-ಕರ್ನಾಟಕದ ತಲಪಾಡಿ ಗಡಿ ಬಂದ್ ಆದಾಗ ಅದರ ಬಿಸಿ ಎಲ್ಲರಿಗೂ ತಟ್ಟಿದೆ.

ಆ ಬಾಣಲೆ ಹೊತ್ತಿದ ದಿನ ಧಣಿ ಮೊದಲು ಕೇಳಿದ್ದು "ಅಷ್ಟೂ ಎಣ್ಣೆ ಹಾಳಾಯ್ತಾ ಭಟ್ರೇ?" ಅಂತ. ಅದನ್ನು ಕೇಳಿಸಿಕೊಂಡ ಹುಡುಗ ಮುಂದಿನ ಸಲ ವಾಲ್ವಿಗೆ ಕೈ ಹಾಕ್ಲಿಕ್ಕೆ ಹಿಂದೆಮುಂದೆ ನೋಡ್ತಾನೆ, ಅಷ್ಟರಲ್ಲಿ ಉರಿ ಎಕ್ಸಾಸ್ಟ್ ಪೈಪಿಗೆ ಹತ್ತಿರ್ತದೆ, ಆ ಪೈಪಿನೊಳಗಿನ ಜಿಡ್ಡು ತೆಗೆಸಿ ಎಷ್ಟು ಕಾಲ ಆಯ್ತು ಅಂತ ಧಣಿಗೇ ನೆನಪಿಲ್ಲ.