ಮ್ಯಾಗ್ನೆಟ್ ಹಿಡಿದ ಮಾತ್ರಕ್ಕೆ ಸ್ಟೀಲ್ ನಕಲಿ ಅಲ್ಲ

ಮ್ಯಾಗ್ನೆಟ್ ಹಿಡಿದರೆ ಆ ಸ್ಟೀಲ್ ನಕಲಿ ಅಂತ ಬರೆದಿದ್ದೀರಿ ಸರ್. ಅದು ಸರಿಯಲ್ಲ. ನಮ್ಮ ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲೂ ಜನ ಇದನ್ನೇ ನಂಬಿ ಒಳ್ಳೆ ಪಾತ್ರೆ ಸುಮ್ನೆ ಬಿಟ್ಟು ಹೋಗುತ್ತಾರೆ. 430 ದರ್ಜೆಯ ಸ್ಟೀಲ್‌ಗೆ ಮ್ಯಾಗ್ನೆಟ್ ಗಟ್ಟಿಯಾಗಿ ಹಿಡಿಯುತ್ತದೆ. ಅದೂ ಅಸಲಿ ಸ್ಟೇನ್‌ಲೆಸ್ಸೇ. 304 ಅನ್ನುವ ಇನ್ನೊಂದು ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಸುಮಾರು 8 ಪರ್ಸೆಂಟ್ ನಿಕಲ್ ಇರುತ್ತದೆ. ಕಬ್ಬಿಣ, ನಿಕಲ್ ಎರಡಕ್ಕೂ ಬೇರೆ ಬೇರೆಯಾಗಿ ಮ್ಯಾಗ್ನೆಟ್ ಹಿಡಿಯುತ್ತದೆ, ಆದರೆ ಈ ಮಿಶ್ರಣದಲ್ಲಿ ಪರಮಾಣುಗಳ ಜೋಡಣೆಯೇ ಬದಲಾಗಿ ಹಿಡಿಯುವುದಿಲ್ಲ. ವಿಚಿತ್ರ ಅಲ್ವಾ? ಅದೇ 304ರ ಡಬರಿಯ ಮಡಚಿದ ಅಂಚಿಗೆ ಜೋರಾದ ಮ್ಯಾಗ್ನೆಟ್ ಇಟ್ಟು ನೋಡಿ, ಸಣ್ಣಗೆ ಎಳೆಯಬಹುದು. ತಳದಲ್ಲಿ ಜಾರಿ ಬೀಳುತ್ತದೆ. ಜಾಸ್ತಿ ಒತ್ತಿ ಬಗ್ಗಿಸಿದ ಕಡೆ ಜೋಡಣೆ ಮತ್ತೆ ಬದಲಾಗಿರುತ್ತದೆ. ಇನ್ನು ಇಂಡಕ್ಷನ್ ಒಲೆಗಂತೂ ಮ್ಯಾಗ್ನೆಟ್ ಹಿಡಿಯುವ ತಳವೇ ಬೇಕು. ದಯವಿಟ್ಟು ಆ ಸಾಲು ತಿದ್ದಿ.